ಎಲೆ ಹಾಕಿದ ಮೇಲೆ ಊರು ಕೇಳಬಾರದು

ಹಳೇ ಮೈಸೂರು ಸೀಮೆಯ ಹಳೆಯ ಗಾಡಿದಾರಿಗಳ ಅಂಚಿನಲ್ಲಿ, ಊರಿಗೂ ಊರಿಗೂ ನಡುವೆ, ಒಂದು ಕಲ್ಲಿನ ಕಟ್ಟಡ ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಎರಡು ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಅಡ್ಡಲಾಗಿ ಒಂದು ಚಪ್ಪಡಿ ಮಲಗಿಸಿರುತ್ತಾರೆ. ಎತ್ತರ ಹೆಚ್ಚುಕಡಿಮೆ ಆಳಿನ ಭುಜದಷ್ಟು. ಗುಡಿಯೂ ಅಲ್ಲ, ಬಾಗಿಲೂ ಅಲ್ಲದ ಇದನ್ನು ಕಂಡು ಈಗಿನ ಮಕ್ಕಳು ಏನೆಂದು ಕೇಳಿದರೆ ಉತ್ತರ ಹೇಳುವವರು ಊರಲ್ಲಿ ಒಬ್ಬಿಬ್ಬರು ಉಳಿದಿರಬಹುದು. ಅದು ಹೊರೆಗಲ್ಲು. ತಲೆಹೊರೆ ಹೊತ್ತು ಸಂತೆಗೆ ಒಂಟಿಯಾಗಿ ನಡೆಯುವವರಿಗೆ ಹೊರೆ ಇಳಿಸುವುದು ಕಷ್ಟವಲ್ಲ, ಇಳಿಸಿದ್ದನ್ನು ಮತ್ತೆ ತಲೆಗೇರಿಸಿಕೊಳ್ಳುವುದು ಕಷ್ಟ. ಎತ್ತಿಕೊಡಲು ಇನ್ನೊಂದು ಜೊತೆ ಕೈ ಬೇಕು. ಆ ಕೈ ಸಿಗದ ದಾರಿಯಲ್ಲಿ ಈ ಕಲ್ಲಿನ ಮೇಲೆ ಹೊರೆ ಸರಿಸಿ, ಬೆವರು ಒರೆಸಿಕೊಂಡು, ದಣಿವಾರಿದ ಮೇಲೆ ತಲೆಯೊಡ್ಡಿ ಯಾರ ಹಂಗೂ ಇಲ್ಲದೆ ಹೊರಟುಬಿಡಬಹುದು.

ಇದನ್ನು ನಿಲ್ಲಿಸಿದವರು ಯಾರು? ಬಹುತೇಕ ಕಲ್ಲುಗಳ ಮೇಲೆ ಹೆಸರಿಲ್ಲ. ಹೊರೆ ಇಳಿಸಿದವರು ಯಾರು ಎಂಬುದಂತೂ ನಿಲ್ಲಿಸಿದವರಿಗೆ ಗೊತ್ತಾಗುವ ಮಾತೇ ಇಲ್ಲ. ಹೊರೆಯಲ್ಲಿ ಸೌದೆಯಿತ್ತೋ, ಸೊಪ್ಪಿತ್ತೋ, ಕದ್ದ ಮಾಲಿತ್ತೋ, ಕಲ್ಲು ಕೇಳುವುದಿಲ್ಲ.

ಕಷ್ಟದಲ್ಲಿರುವವರಿಗೆ ನೆರವಾಗುವುದು ಒಳ್ಳೆಯದು ಎಂಬುದರಲ್ಲಿ ನಮ್ಮಲ್ಲಿ ಯಾರಿಗೂ ತಕರಾರಿಲ್ಲ. ತಕರಾರೆಲ್ಲ ಅದರ ಮುಂದಿನ ಪ್ರಶ್ನೆಯಲ್ಲಿದೆ. ‘ಕೊಡೋಣ, ಆದರೆ ಇವನಿಗೆ ಕೊಡಬೇಕಾ?’ ಗಟ್ಟಿಮುಟ್ಟಾಗಿದ್ದಾನಲ್ಲ, ದುಡಿಯಬಾರದಾ? ಕುಡಿದಿದ್ದಾನಾ? ನಿಜವಾಗಿ ಕುಂಟನಾ, ನಾಟಕವಾ? ಮನೆಮಠ ಇಲ್ಲವಾ, ಮಕ್ಕಳು ನೋಡಿಕೊಳ್ಳುವುದಿಲ್ಲವಾ? ಕೈ ಜೇಬಿಗೆ ಹೋಗುವ ಮುಂಚೆ ಮನಸ್ಸು ಇಷ್ಟೊಂದು ವಿಚಾರಣೆ ನಡೆಸಿ ಮುಗಿಸಿರುತ್ತದೆ. ಅಷ್ಟರಲ್ಲಿ ಸಿಗ್ನಲ್ ಹಸಿರಾಗುತ್ತದೆ.

ಈ ವಿಚಾರಣೆಯನ್ನು ನಿಲ್ಲಿಸಬಹುದು ಎಂಬುದು ನನ್ನ ನಂಬಿಕೆ. ನಿಲ್ಲಿಸಿ ತೋರಿಸಿದ ಏರ್ಪಾಡುಗಳು ಈ ನಾಡಿನಲ್ಲೇ ಇವೆ. ಅವು ಹೇಗೆ ನಡೆಯುತ್ತವೆ, ಎಲ್ಲಿ ಎಡವುತ್ತವೆ ಎಂಬುದನ್ನು ನೋಡಿದರೆ ದಾನಕ್ಕಿಂತ ದಾನದ ಕ್ರಮ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಪ್ರತಿ ವರ್ಷ ಪುಷ್ಯ ಮಾಸದಲ್ಲಿ, ಅಂದರೆ ಸಾಮಾನ್ಯವಾಗಿ ಜನವರಿಯಲ್ಲಿ, ಕೊಪ್ಪಳದ ಗವಿಮಠದ ಜಾತ್ರೆ. ತೇರು ನೋಡಲು ಲಕ್ಷಗಟ್ಟಲೆ ಜನ ಸೇರುತ್ತಾರೆ. ನೋಡಬೇಕಾದ ಇನ್ನೊಂದು ಮೆರವಣಿಗೆ ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಒಟ್ಟಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಖಟಕ್ ರೊಟ್ಟಿಯಾದ್ದರಿಂದ ದಿನಗಟ್ಟಲೆ ಕೆಡುವುದಿಲ್ಲ. ಅದನ್ನು ಚೀಲ, ಬುಟ್ಟಿಗಳಲ್ಲಿ ತುಂಬಿ, ಟ್ರ್ಯಾಕ್ಟರಿಗೋ ಚಕ್ಕಡಿಗೋ ಹೇರಿ, ಹಲಗೆ ಡೊಳ್ಳಿನ ಸದ್ದಿನೊಂದಿಗೆ ಮಠಕ್ಕೆ ತರುತ್ತಾರೆ. ಜೊತೆಗೆ ಮಾದಲಿ, ದವಸ, ತರಕಾರಿ, ಸೌದೆ. ದಾಸೋಹದ ಮನೆಯಲ್ಲಿ ರೊಟ್ಟಿಯ ರಾಶಿ ಆಳೆತ್ತರ ಮೀರುತ್ತದೆ. ಒಂದು ದಿನ ಮಿರ್ಚಿ ಬಜಿಯ ಸರದಿ, ಎಣ್ಣೆಯ ಬಾಣಲೆಗಳ ಮುಂದೆ ಸ್ವಯಂಸೇವಕರ ಸಾಲು. ರೊಟ್ಟಿ ಬಡಿದ ಕುಷ್ಟಗಿ ಸೀಮೆಯ ಹೆಣ್ಣುಮಗಳಿಗೆ ಅದನ್ನು ಯಾರು ತಿಂದರೆಂದು ಗೊತ್ತಿಲ್ಲ. ತಿಂದವನಿಗೂ ಅದು ಯಾರ ಕೈಯ ರೊಟ್ಟಿಯೆಂದು ಗೊತ್ತಿಲ್ಲ. ಅವನು ಭಕ್ತನಾಗಿರಬಹುದು, ಬಲೂನು ಮಾರಲು ಬಂದವನಾಗಿರಬಹುದು, ಜಾತ್ರೆಯ ಜೇಬುಗಳ್ಳನೂ ಆಗಿರಬಹುದು. ಪಂಕ್ತಿಯಲ್ಲಿ ಕೂತರೆ ತಟ್ಟೆಗೆ ರೊಟ್ಟಿ ಬೀಳುತ್ತದೆ.

ತುಮಕೂರಿನ ಸಿದ್ಧಗಂಗೆಯಲ್ಲಿ ಇದೇ ಕೆಲಸ ಜಾತ್ರೆಗೆ ಸೀಮಿತವಾಗದೆ ದಿನವೂ ನಡೆಯುತ್ತದೆ. ಶಿವಕುಮಾರ ಸ್ವಾಮೀಜಿ 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿದಾಗ ಮಠಕ್ಕಿದ್ದ ಅನುಕೂಲ ಅಷ್ಟಕ್ಕಷ್ಟೆ. ಅವರೇ ಊರೂರು ತಿರುಗಿ ರಾಗಿ, ಅಕ್ಕಿ, ತೆಂಗಿನಕಾಯಿ ಭಿಕ್ಷೆ ತಂದು ಮಕ್ಕಳಿಗೆ ಉಣಿಸಿದ ದಿನಗಳನ್ನು ಕಂಡವರು ತೀರಾ ಈಚಿನವರೆಗೂ ಇದ್ದರು. ಇಂದು ಅಲ್ಲಿ ಸಾವಿರಾರು ಮಕ್ಕಳು ಉಚಿತವಾಗಿ ಉಂಡು, ಉಳಿದು, ಓದುತ್ತಾರೆ. ಎಲ್ಲ ಜಾತಿಯವರಿದ್ದಾರೆ, ಮುಸ್ಲಿಮರ ಮಕ್ಕಳೂ ಇದ್ದಾರೆ. ಬಂದು ಹೋಗುವ ಯಾತ್ರಿಕರಿಗೂ ಅದೇ ಒಲೆಯ ಮುದ್ದೆ, ಅನ್ನ, ಸಾರು. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ, ಸ್ವಾಮೀಜಿ ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಊಟ ಮುಗಿಯುವ ತನಕ ಸುದ್ದಿಯನ್ನು ಹೊರಗೆ ಹೇಳಬಾರದೆಂಬುದು ಅವರ ಇಚ್ಛೆಯಾಗಿತ್ತು, ಹಾಗೆಯೇ ಮಾಡಿದರು. ರಾಜ್ಯ ಸರ್ಕಾರ ಆ ದಿನವನ್ನು ದಾಸೋಹ ದಿನವೆಂದು ಘೋಷಿಸಿದೆ. ತನ್ನ ಸಾವಿನ ಸುದ್ದಿಯೂ ಮಕ್ಕಳ ತುತ್ತಿಗೆ ಅಡ್ಡ ಬರಬಾರದೆಂದು ಯೋಚಿಸಿದ ಮನಸ್ಸಿನ ಮುಂದೆ ನಮ್ಮ ‘ಇವನಿಗೆ ಕೊಡಬೇಕಾ’ ಎಂಬ ಪ್ರಶ್ನೆ ತೀರಾ ಸಣ್ಣದಾಗುತ್ತದೆ.

ಸಿದ್ಧಗಂಗೆಯಂಥ ಉಚಿತ ಪ್ರಸಾದ ನಿಲಯಗಳ ಬೆಲೆ ತಿಳಿಯಬೇಕಾದರೆ ಅವಕ್ಕೂ ಹಿಂದಿನ ವಾರಾನ್ನದ ಪದ್ಧತಿಯನ್ನು ನೆನೆಯಬೇಕು. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಣ್ಣಬೇಕು. ಉಣಿಸಿದವರಲ್ಲಿ ತಾಯಿಯಂಥವರಿದ್ದರು. ಅವರನ್ನು ಕೊನೆಯವರೆಗೂ ಮರೆಯದ ಶಿಷ್ಯರೂ ಇದ್ದರು. ಆದರೆ ಉಣ್ಣುವ ಹುಡುಗ ದಿನವೂ ಒಬ್ಬ ಯಜಮಾನನ ಕಣ್ಣಳತೆಯಲ್ಲೇ ಉಣ್ಣಬೇಕಿತ್ತು. ಎರಡನೇ ಸಲ ಅನ್ನ ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕು. ಪರೀಕ್ಷೆಯಲ್ಲಿ ನಪಾಸಾದರೆ ಆ ಮನೆಯ ಮೆಟ್ಟಿಲು ಹತ್ತಲು ನಾಚಿಕೆ. ಎಲ್ಲಕ್ಕಿಂತ ಮಿಗಿಲಾಗಿ, ವಾರಾನ್ನ ಸಿಗುತ್ತಿದ್ದುದು ಜಾತಿ ಒಪ್ಪಿದ ಹುಡುಗನಿಗೆ ಮಾತ್ರ. ಕೇರಿಯ ಹುಡುಗನಿಗೆ ಯಾವ ವಾರವೂ ಇರಲಿಲ್ಲ. ನೂರಾರು ಮಕ್ಕಳು ಸಾಲಾಗಿ ಕೂತು ಒಂದೇ ಹಂಡೆಯ ಸಾರು ಬಡಿಸಿಕೊಳ್ಳುವ ಕಡೆ ಆ ಅಳುಕಿಗೆ ಜಾಗವೇ ಇಲ್ಲ.

ಗತಕಾಲವನ್ನು ಹೊಗಳುವ ಹುಮ್ಮಸ್ಸಿನಲ್ಲಿ ಈ ಜಾತಿಭೇದವನ್ನು ಮರೆಯಬಾರದು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆ ನಮ್ಮ ಶಾಸನಗಳ ಕಾಲದಷ್ಟು ಹಳೆಯದು. ಆದರೆ ಕೆಳಜಾತಿಯೆಂದು ಕರೆಸಿಕೊಂಡವರು ಬಂದರೆ ಮೇಲಿನಿಂದ ಸುರಿದು ಬೊಗಸೆಯಲ್ಲಿ ಕುಡಿಸುತ್ತಿದ್ದುದೂ ಅಷ್ಟೇ ಹಳೆಯದು. ಸುಗ್ಗಿಯ ಕಣದಲ್ಲಿ ರಾಶಿ ಮಾಡುವ ದಿನ ದಾಸಯ್ಯ, ಹೆಳವ, ಗೊರವ, ಬುಡುಬುಡುಕೆಯವರು ಯಾರು ಬಂದರೂ ಮೊರದಲ್ಲಿ ಕಾಳು ಹಾಕದೆ ಕಳಿಸುತ್ತಿರಲಿಲ್ಲ. ಅದೇ ರಾಶಿಗಾಗಿ ವರ್ಷವಿಡೀ ಬೆನ್ನು ಬಾಗಿಸಿದ ಜೀತದಾಳು ಮಾತ್ರ ಕಣದ ಅಂಚಿನಲ್ಲಿ ಕಾಯಬೇಕಾಗಿತ್ತು. ಊಟ ಎಲ್ಲರಿಗೂ ಇದೆ, ಪಂಕ್ತಿ ಮಾತ್ರ ಬೇರೆ ಎಂದವರು ಅನ್ನದ ಜೊತೆಗೆ ಅವಮಾನವನ್ನೂ ಬಡಿಸಿದರು. ಹಸಿದವನು ಎರಡನ್ನೂ ನುಂಗಬೇಕಾಯಿತು. ಪಂಕ್ತಿಭೇದವನ್ನು ಸಂಪ್ರದಾಯ ಎಂದು ಸಮರ್ಥಿಸುವ ಮಾತು ಇವತ್ತಿಗೂ ಕೇಳಿಬರುತ್ತದೆ. ಎಷ್ಟು ತುಪ್ಪ ಹಾಕಿ ಬಡಿಸಿದರೂ ಅದು ಅನ್ನದಾನವಲ್ಲ.

ಬೀದರಿನ ನಾನಕ್ ಝೀರಾ ಸಾಹಿಬ್ ಗುರುದ್ವಾರಕ್ಕೆ ಹೋದವರು ಈ ಸಮಸ್ಯೆಗೆ ಸಿಖ್ಖರು ಕಂಡುಕೊಂಡ ಪರಿಹಾರವನ್ನು ಕಣ್ಣಾರೆ ನೋಡಬಹುದು. ಗುರು ನಾನಕರು ಬಂದು, ನೀರಿಲ್ಲದ ಊರಿನಲ್ಲಿ ಸಿಹಿನೀರಿನ ಊಟೆ ಚಿಮ್ಮಿಸಿದರೆಂದು ಭಕ್ತರು ನಂಬುವ ಜಾಗ ಅದು. ಅಲ್ಲಿಯ ಸಾಮೂಹಿಕ ಊಟದ ಮನೆಯಾದ ಲಂಗರ್‌ನಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂರುತ್ತಾರೆ. ರೊಟ್ಟಿಯನ್ನು ಎರಡೂ ಅಂಗೈ ಜೋಡಿಸಿ, ಮುಂದಕ್ಕೊಡ್ಡಿ ಪಡೆಯಬೇಕು. ಬೆಂಗಳೂರಿಂದ ಕಾರಿನಲ್ಲಿ ಬಂದ ಉದ್ಯಮಿಯೂ ಹಾಗೆಯೇ ಕೈಯೊಡ್ಡಬೇಕು, ಬಸ್‌ಸ್ಟ್ಯಾಂಡಿನಿಂದ ನಡೆದು ಬಂದ ಅಲೆಮಾರಿಯೂ ಹಾಗೆಯೇ. ಉಂಡ ಮೇಲೆ ಮನಸ್ಸಿದ್ದವರು ತಟ್ಟೆ ತೊಳೆಯಲೋ ಬಡಿಸಲೋ ನಿಲ್ಲಬಹುದು, ಮೊದಲು ಕೈಯೊಡ್ಡಿದವನೇ ಆಮೇಲೆ ಬಡಿಸುವವನಾಗುತ್ತಾನೆ.

ಕೊಡುವವರ ತೀರ್ಪು ಕೆಲವೊಮ್ಮೆ ಜಾತಿಯ ರೂಪದಲ್ಲಿ ಬರದೆ ರುಚಿಯ ರೂಪದಲ್ಲಿ, ನಂಬಿಕೆಯ ರೂಪದಲ್ಲಿ ಬರುತ್ತದೆ. ಶಾಲೆಯ ಬಿಸಿಯೂಟದ ಮೊಟ್ಟೆಯ ಗಲಾಟೆ ನೆನಪಿದೆಯಲ್ಲ? ಮಕ್ಕಳಿಗೆ ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶಿಸಿತು. 2002ರಲ್ಲಿ ನಮ್ಮ ಈಶಾನ್ಯ ಜಿಲ್ಲೆಗಳಿಂದ ‘ಅಕ್ಷರ ದಾಸೋಹ’ ಶುರುವಾಯಿತು. ಹೆಸರಿಟ್ಟವರಿಗೆ ನಮಸ್ಕಾರ ಹೇಳಬೇಕು. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಒಬ್ಬ ಶಾಲಾ ಬಾಲಕಿ ಮೊಟ್ಟೆ ನಮಗೆ ಬೇಕು ಎಂದು ಗಟ್ಟಿದನಿಯಲ್ಲಿ ವಾದಿಸಿದ ವಿಡಿಯೊ ನಾಡಿನ ತುಂಬ ಓಡಾಡಿತು. ತಿನ್ನುವ ಮಗುವನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅದು ತಾನಾಗಿ ಎದ್ದು ಮಾತಾಡಿದ್ದರಿಂದ ಚರ್ಚೆಯ ದಿಕ್ಕೇ ಬದಲಾಯಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರು ದಿನ ಮೊಟ್ಟೆ ಕೊಡುವ ಕಾರ್ಯಕ್ರಮ 2024ರಲ್ಲಿ ಆರಂಭವಾಗಿದೆ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣೋ ಚಿಕ್ಕಿಯೋ ಇದೆ. ಬೇಕಾದದ್ದನ್ನು ಮಗುವೇ ಆರಿಸಿಕೊಳ್ಳುತ್ತದೆ. ಕೊಡುವುದರಲ್ಲಿ ಗೌರವ ಎಂದರೆ ಇಂಥ ಸಣ್ಣ ಏರ್ಪಾಟು.

ಇನ್ನು ‘ಅಪಾತ್ರ ದಾನ’ದ ಮಾತಿಗೆ ಬರೋಣ. ಪಾತ್ರನಿಗೆ ಮಾತ್ರ ಕೊಡಬೇಕೆಂಬ ವಿಚಾರ ನಮ್ಮಲ್ಲಿ ಹೊಸದಲ್ಲ. ಸಾತ್ವಿಕ ದಾನದ ಲಕ್ಷಣ ಹೇಳುವಾಗ ಭಗವದ್ಗೀತೆಯ ಹದಿನೇಳನೇ ಅಧ್ಯಾಯವೂ ದೇಶ, ಕಾಲಗಳ ಜೊತೆ ಪಾತ್ರವನ್ನು ಸೇರಿಸುತ್ತದೆ. ಅದೇ ಪರಂಪರೆಯ ಹಿರಿಯರು ಅನ್ನದಾನಕ್ಕೆ ಪಾತ್ರಾಪಾತ್ರ ನೋಡಬಾರದು ಎಂದು ವಿನಾಯಿತಿಯನ್ನೂ ಕೊಟ್ಟರು. ಹೊಲ, ಹಸು, ವಿದ್ಯೆ ಕೊಡುವಾಗ ನೋಡು, ತುತ್ತು ಕೊಡುವಾಗ ನೋಡಬೇಡ ಎಂದು. ಕಲ್ಯಾಣದ ಶರಣರು ಈ ಎರಡನೇ ದಾರಿಯನ್ನು ಇನ್ನೂ ಬಹಳ ದೂರ ನಡೆದರು. ಬಸವಣ್ಣನವರ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯನ್ನು ಅಗಲಿದ ಕರುಗಳು ಅಂಬಾ ಎನ್ನುವುದನ್ನು ಕೇಳಲಾರದೆ ಅವನ್ನೂ ಕಳ್ಳರಿಗೇ ಒಪ್ಪಿಸಲು ಹೇಳಿದರೆಂಬ ಕಥೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಕೇಳುವಾಗ ಕಣ್ಣು ತುಂಬುತ್ತದೆ. ಆದರೆ ಕಳ್ಳ ಅಪಾತ್ರನಲ್ಲವೇ ಎಂದು ಆ ಕಥೆಯಲ್ಲಿ ಬಸವಣ್ಣ ಒಮ್ಮೆಯೂ ಕೇಳುವುದಿಲ್ಲ ಎಂಬುದನ್ನು ನಾವು ಗಮನಿಸಿದಂತಿಲ್ಲ.

‘ದುಡ್ಡು ಕೊಟ್ಟರೆ ಕುಡಿಯುತ್ತಾರೆ.’ ಈ ಮಾತನ್ನು ಹೇಳದ ಮನೆಯಿಲ್ಲ. ಇದು ನಂಬಿಕೆಯ ವಿಷಯವಾಗಿ ಉಳಿದಿಲ್ಲ, ಲೆಕ್ಕ ಹಾಕಿ ನೋಡಿದವರಿದ್ದಾರೆ. ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಆನಾ ಪೊಪೊವಾ ಎಂಬ ಸಂಶೋಧಕರು ಬಡವರಿಗೆ ನೇರವಾಗಿ ಹಣ ಕೊಟ್ಟ ಕಾರ್ಯಕ್ರಮಗಳ ಮೇಲೆ ಹಲವು ಖಂಡಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ವರದಿ ಬರೆದರು. ಮದ್ಯ, ತಂಬಾಕಿನ ಖರ್ಚು ಹೆಚ್ಚಿದ್ದು ಕಾಣಲಿಲ್ಲ, ಕೆಲವೆಡೆ ಇಳಿದಿತ್ತು. ಹಣ ಸಿಕ್ಕರೆ ಜನ ಸೋಮಾರಿಗಳಾಗುತ್ತಾರೆ ಎಂಬುದನ್ನು ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ಪ್ರಯೋಗಗಳ ಅಂಕಿಅಂಶ ಹಿಡಿದು ಪರೀಕ್ಷಿಸಿದರು. ದುಡಿಮೆ ಕಡಿಮೆಯಾದದ್ದಕ್ಕೆ ಪುರಾವೆ ಸಿಗಲಿಲ್ಲ. ಕೆನಡಾದ ವ್ಯಾಂಕೂವರಿನಲ್ಲಿ ಮನೆಯಿಲ್ಲದ 50 ಜನರಿಗೆ ತಲಾ 7,500 ಡಾಲರ್ ಕೊಟ್ಟು, ಹೇಗೆ ಖರ್ಚು ಮಾಡಬೇಕೆಂಬ ಷರತ್ತಿಲ್ಲದೆ ಬಿಟ್ಟರು. ತೀವ್ರ ವ್ಯಸನವಿದ್ದವರನ್ನು ಆ ಪ್ರಯೋಗಕ್ಕೆ ಸೇರಿಸಿರಲಿಲ್ಲ ಎಂಬುದನ್ನು ಹೇಳಲೇಬೇಕು. ಮುಂದಿನ ಒಂದು ವರ್ಷದಲ್ಲಿ ಆ 50 ಜನ, ಹಣ ಸಿಗದವರಿಗಿಂತ ಕಡಿಮೆ ದಿನ ಬೀದಿಯಲ್ಲಿ ಕಳೆದರು. ಕುಡಿತದ ಖರ್ಚು ಅವರಲ್ಲೂ ಏರಲಿಲ್ಲ.

ಆದರೆ ಈ ಅಧ್ಯಯನಗಳ ಮೇಲೆಯೇ ನನ್ನ ವಾದವನ್ನು ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ. ಕೆಲವರು ಕುಡಿಯುತ್ತಾರೆ. ರಾತ್ರಿ ಫುಟ್‌ಪಾತಿನ ಮೇಲೆ, ಡಿಸೆಂಬರಿನ ಚಳಿಯಲ್ಲಿ, ಸೊಳ್ಳೆಗಳ ನಡುವೆ ಮಲಗುವವನು ಕುಡಿದರೆ ನನಗೆ ಆಶ್ಚರ್ಯವಿಲ್ಲ. ಕುಡಿದವನಿಗೂ ಹಸಿವಾಗುತ್ತದೆ, ಅವನ ಕಾಲಿನ ಗಾಯವೂ ಕೀವಾಗುತ್ತದೆ. ಒಳ್ಳೆಯ ನಡತೆಯ ಸರ್ಟಿಫಿಕೇಟು ತಂದರೆ ಮಾತ್ರ ಅನ್ನ ಎಂದರೆ ನಮ್ಮ ಎಷ್ಟು ಮನೆಗಳ ಅಡುಗೆಮನೆಯಲ್ಲಿ ಒಲೆ ಹೊತ್ತೀತು? ಇನ್ನು ಮೋಸ ಹೋಗುವ ಭಯ. ನಾಟಕವಾಡಿದವನಿಗೆ ಕೊಟ್ಟು ಮೋಸ ಹೋದರೆ ನಮಗೆ ಆಗುವ ನಷ್ಟ ಹತ್ತೋ ಇಪ್ಪತ್ತೋ ರೂಪಾಯಿ. ನಿಜವಾಗಿ ಹಸಿದವನನ್ನು ನಾಟಕದವನೆಂದು ಓಡಿಸಿದರೆ ಅವನಿಗೆ ಆಗುವ ನಷ್ಟ ಒಂದು ದಿನದ ಊಟ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಒಂದು ವಿಷಯದಲ್ಲಿ ಮಾತ್ರ ನಾನು ಕೈ ತಡೆಯುತ್ತೇನೆ. ಸಿಗ್ನಲ್ಲಿನಲ್ಲಿ ಭಿಕ್ಷೆ ಕೇಳುವ ಮಗುವಿಗೆ ಕೊಟ್ಟ ಹಣ ಆ ಮಗುವನ್ನು ಅಲ್ಲೇ ನಿಲ್ಲಿಸಬಹುದು. ಅಲ್ಲಿ ಬೇಕಾದದ್ದು ಬೈಗುಳವೂ ಅಲ್ಲ, ನಾಣ್ಯವೂ ಅಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ. ಹತ್ತಿರ ತಿಂಡಿಯಿದ್ದರೆ ಅದು.

ಹೆಚ್ಚು ತೀರ್ಪಿಗೆ ಒಳಗಾಗುವವರು ಬಹುಶಃ ಅಂಗಡಿಗಳ ಮುಂದೆ ಚಪ್ಪಾಳೆ ತಟ್ಟಿ ಕೈಯೊಡ್ಡುವ ಲಿಂಗತ್ವ ಅಲ್ಪಸಂಖ್ಯಾತರು. ‘ಕೈಕಾಲು ಗಟ್ಟಿ ಇದೆಯಲ್ಲ’ ಎನ್ನುವ ಅಂಗಡಿಯವನು ಅವರಿಗೆ ಕೆಲಸ ಕೊಡಲು ತಯಾರಿರುವುದಿಲ್ಲ, ಮನೆಯ ಮಾಲೀಕ ಬಾಡಿಗೆಗೆ ಮನೆ ಕೊಡುವುದಿಲ್ಲ. ಅದೇ ಸಮುದಾಯದ ಮಂಜಮ್ಮ ಜೋಗತಿಯವರು ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಇಡ್ಲಿ ಮಾರಿ ಬದುಕಿ, ಜೋಗತಿ ನೃತ್ಯ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದಲ್ಲಿ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ಆ ಗಳಿಗೆಯನ್ನು ದೇಶವೆಲ್ಲ ನೋಡಿ ಮೆಚ್ಚಿತು. ಅವರು ಭಿಕ್ಷೆ ಬೇಡುತ್ತಿದ್ದ ಕಾಲದಲ್ಲಿ ಯಾರೋ ಅವರ ಕೈಗೆ ನಾಲ್ಕು ಕಾಸು ಹಾಕಿದ್ದರು. ಮುಂದೆ ಪದ್ಮಶ್ರೀ ಆಗುತ್ತಾರೆಂದು ತಿಳಿದು ಹಾಕಿದ್ದಲ್ಲ. ಪದ್ಮಶ್ರೀ ಬಾರದೆ ಹೋಗಿದ್ದರೂ ಆ ನಾಲ್ಕು ಕಾಸು ಸರಿಯಾದ ಕೈಗೇ ಬಿದ್ದಿತ್ತು ಎಂದು ಒಪ್ಪಿಕೊಳ್ಳುವುದು ನಮಗೆ ಸಾಧ್ಯವಾಗಬೇಕು.

ಸರ್ಕಾರದ ಕಡೆಗೆ ತಿರುಗಿದರೆ ಒಂದೇ ಮನೆಯಲ್ಲಿ ಎರಡು ಮುಖ ಕಾಣುತ್ತವೆ. ಒಂದು ಇಂದಿರಾ ಕ್ಯಾಂಟೀನ್. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಕೂಪನ್ನಿಗೆ ಕಾರ್ಡು ಬೇಕಿಲ್ಲ, ಆಧಾರ್ ಬೇಕಿಲ್ಲ, ವರಮಾನದ ದೃಢೀಕರಣ ಪತ್ರ ಬೇಕಿಲ್ಲ. ಬೆಳಗಿನ ಎಂಟು ಗಂಟೆಗೆ ಅಲ್ಲಿ ಪೌರಕಾರ್ಮಿಕರು, ಆಟೊ ಚಾಲಕರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟು ಬಂದ ಹಳ್ಳಿಯ ಸಂಬಂಧಿಕರು, ಪಿ.ಜಿ. ಊಟ ಬೇಸರವಾದ ವಿದ್ಯಾರ್ಥಿಗಳು ಒಂದೇ ಎತ್ತರದ ಮೇಜಿನ ಸುತ್ತ ನಿಂತು ಇಡ್ಲಿ ತಿನ್ನುತ್ತಾರೆ. ಸಂಬಳದವರೂ ತಿನ್ನುತ್ತಾರಲ್ಲ, ದುರುಪಯೋಗವಲ್ಲವೇ ಎಂದು ಕೇಳುವವರಿದ್ದಾರೆ. ಸಂಬಳದವನು ಪಕ್ಕದಲ್ಲಿ ನಿಂತು ತಿನ್ನುವುದರಿಂದಲೇ ಕೂಲಿಯವನಿಗೆ ಅದು ಬಡವರ ಗಂಜಿಕೇಂದ್ರ ಅನ್ನಿಸುವುದಿಲ್ಲ. ಆ 5 ರೂಪಾಯಿ ತಿಂಡಿಯ ಅಸಲಿಗೆ ಸಾಲದು. ಆದರೂ ಗಿರಾಕಿಯಾಗಿ ಕೌಂಟರಿನ ಮುಂದೆ ನಿಲ್ಲಲು ಅದು ಸಾಕು. ನಡುವೆ ಅನುದಾನ ಕುಸಿದು ಹಲವು ಕ್ಯಾಂಟೀನುಗಳು ಸೊರಗಿದವು, ಕೆಲವು ಮುಚ್ಚಿದವು. ಪಕ್ಷ ಯಾವುದೇ ಇರಲಿ, ಒಲೆ ಆರಿಸುವುದು ರಾಜಕೀಯದ ಗೆಲುವೆಂದು ಯಾರೂ ಎಣಿಸಬಾರದು.

ಮಹಿಳೆಯರ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ 2023ರ ಜೂನ್ 11ರಂದು ಜಾರಿಯಾದಾಗ ಅದರ ನಿಯಮಗಳಲ್ಲಿ ಅಪಮಾನವೇನೂ ಇರಲಿಲ್ಲ. ಅಪಮಾನ ಬಂದದ್ದು ಸಹಪ್ರಯಾಣಿಕರ ಬಾಯಿಂದ. ‘ಫ್ರೀ ಅಂತ ಊರೂರು ತಿರುಗ್ತಾರೆ’ ಎಂಬ ಮಾತು ಬಸ್ಸಿನಲ್ಲೂ ಮೊಬೈಲಿನಲ್ಲೂ ಹರಿದಾಡಿತು. ತವರಿಗೆ ವರ್ಷಕ್ಕೊಮ್ಮೆ ಹೋಗುತ್ತಿದ್ದ ಹೆಂಗಸು ಎರಡು ಸಲ ಹೋದರೆ, ದೇವಸ್ಥಾನ ನೋಡಿದರೆ, ಏನು ಮುಳುಗಿತು? ಸಂತೋಷಪಡುವ ಬಡವರನ್ನು ಕಂಡರೆ ನಮಗೆ ತಡೆಯುವುದಿಲ್ಲ. ಕೊಟ್ಟದ್ದನ್ನು ಪಡೆದವರು ಸದಾ ಅಳುಮುಖದಲ್ಲೇ ಇರಬೇಕೆಂದು ಒಳಗೊಳಗೇ ಬಯಸುತ್ತೇವೆ.

ಸರ್ಕಾರದ ಇನ್ನೊಂದು ಮುಖ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ಅದರ ಪ್ರಕಾರ ಭಿಕ್ಷೆ ಬೇಡುವುದೇ ಅಪರಾಧ. ಬೇಡುವವರನ್ನು ಹಿಡಿದು ಪರಿಹಾರ ಕೇಂದ್ರದಲ್ಲಿ ಇರಿಸಬಹುದು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಅಂಥ ದೊಡ್ಡ ಕೇಂದ್ರವಿದೆ. 2010ರ ಆಗಸ್ಟಿನಲ್ಲಿ ಅಲ್ಲಿ ಒಂದರ ಹಿಂದೊಂದು ಸಾವುಗಳು ಸಂಭವಿಸಿ ನಾಡು ಬೆಚ್ಚಿಬಿತ್ತು, ಸಮಾಜ ಕಲ್ಯಾಣ ಸಚಿವರು ರಾಜೀನಾಮೆ ಕೊಟ್ಟರು. ಬೀದಿಯಿಂದ ಎತ್ತಿ ತಂದವರಲ್ಲಿ ಮುದುಕರಿದ್ದರು, ಮಾನಸಿಕವಾಗಿ ಅಸ್ವಸ್ಥರಿದ್ದರು, ಹೆಸರು ಹೇಳಲೂ ಆಗದವರಿದ್ದರು. ಕಾಯಿದೆಯ ಕಣ್ಣಿಗೆ ಇವರೆಲ್ಲ ಭಿಕ್ಷುಕರು, ಅಷ್ಟೆ. ದೆಹಲಿ ಹೈಕೋರ್ಟ್ 2018ರ ಆಗಸ್ಟಿನಲ್ಲಿ, ಭಿಕ್ಷೆಯನ್ನು ಅಪರಾಧವೆನ್ನುವ ಕಲಮುಗಳನ್ನು ದೆಹಲಿಯ ಮಟ್ಟಿಗೆ ರದ್ದು ಮಾಡಿತು. ಕೋವಿಡ್ ಕಾಲದಲ್ಲಿ ಭಿಕ್ಷುಕರನ್ನು ರಸ್ತೆಯಿಂದ ತೆರವು ಮಾಡಬೇಕೆಂಬ ಕೋರಿಕೆ ಬಂದಾಗ, ಯಾರೂ ಬೇಕೆಂದು ಭಿಕ್ಷೆಗಿಳಿಯುವುದಿಲ್ಲ, ಇದು ಸಾಮಾಜಿಕ ಮತ್ತು ಆರ್ಥಿಕ ಸಮಸ್ಯೆ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2021ರ ಜುಲೈನಲ್ಲಿ ತಳೆಯಿತು. ನಮ್ಮ ರಾಜ್ಯವೂ ಈ ಕಾಯ್ದೆಯನ್ನು ಮತ್ತೆ ಬಿಚ್ಚಿ ನೋಡುವ ಕಾಲ ಎಂದೋ ಬಂದಿದೆ.

ನಾವು ದಿನನಿತ್ಯ ಮಾಡಬಹುದಾದದ್ದು ಬಹಳ ದೊಡ್ಡದೇನಲ್ಲ. 2020ರ ಲಾಕ್‌ಡೌನಿನಲ್ಲಿ ಅಕ್ಕಿ ಬೇಳೆಯ ಕಿಟ್ ಕೊಟ್ಟ ಪುಣ್ಯಾತ್ಮರು ಸಾವಿರಾರು. ಅವರಲ್ಲಿ ಕೆಲವರು ಕಿಟ್ ಹಿಡಿದ ತಾಯಿಯ ಮುಖ ಕ್ಯಾಮೆರಾ ಕಡೆ ತಿರುಗುವ ತನಕ ಚೀಲ ಬಿಡಲಿಲ್ಲ. ಆ ಫೋಟೊ ಆಕೆಯ ಮಗನ ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಿ ತಲುಪಿರುತ್ತದೆ. ಲೆಕ್ಕಕ್ಕೆ ಫೋಟೊ ಬೇಕೇ ಬೇಕೆಂದರೆ ಮೂಟೆಗಳ ಫೋಟೊ ತೆಗೆಯಿರಿ. ಕೊಡುವ ಬಟ್ಟೆ ಒಗೆದು, ಗುಂಡಿ ಹೊಲಿದು ಕೊಡಿ. ಊಟ ಕೊಡುವಾಗ ‘ಏನು ಬೇಕು, ಇಡ್ಲೀನಾ ಅನ್ನಾನಾ’ ಎಂದು ಕೇಳಿ. ಕೊಡಲು ಏನೂ ಇಲ್ಲದಿದ್ದರೆ, ನಮ್ಮ ಅಜ್ಜಿಯರು ಬಾಗಿಲಲ್ಲಿ ನಿಂತು ‘ಮುಂದಕ್ಕೆ ಹೋಗಪ್ಪ’, ‘ಇವತ್ತೇನಿಲ್ಲ ತಾಯಿ’ ಎನ್ನುತ್ತಿದ್ದರಲ್ಲ, ಅಷ್ಟಾದರೂ ಮಾತಿನಲ್ಲಿ ಉಳಿಯಲಿ. ಕಾರಿನ ಗಾಜು ಏರಿಸಿ ಮುಖ ತಿರುಗಿಸುವುದು ಈಚಿನ ಕಲಿಕೆ.

ದೊಡ್ಡ ಆಸ್ಪತ್ರೆಗಳ ಮುಂದೆ ಬೇರೆಯೇ ಒಂದು ಕಷ್ಟವಿದೆ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಕ್ಯಾನ್ಸರ್ ರೋಗಿಯನ್ನು ಬೆಂಗಳೂರಿಗೆ ಕರೆತಂದವರು ಭಿಕ್ಷುಕರಲ್ಲ, ಊರಲ್ಲಿ ಹೊಲಮನೆ ಇದ್ದವರು. ಚಿಕಿತ್ಸೆ ವಾರಗಟ್ಟಲೆ ನಡೆದು ಕೈಯಲ್ಲಿದ್ದದ್ದು ಕರಗಿದಾಗ ರೋಗಿಗೆ ಒಳಗೆ ಊಟ ಸಿಗುತ್ತದೆ, ಜೊತೆಗೆ ಬಂದವರು ಬನ್ನು ಚಹಾದಲ್ಲಿ ದಿನ ತಳ್ಳುತ್ತಾರೆ. ಕೇಳಲು ಮಾನ ಬಿಡುವುದಿಲ್ಲ. ಆಸ್ಪತ್ರೆ ಬಾಗಿಲಲ್ಲಿ ದಿನವೂ ಊಟ ತಂದು ಹಂಚುವ ಸ್ವಯಂಸೇವಕರ ಗುಂಪುಗಳು ಹಲವು ಊರುಗಳಲ್ಲಿವೆ. ಯಾರು ನಿಂತರೂ ಬಡಿಸುತ್ತಾರೆ, ‘ನೀವು ರೋಗಿಯ ಕಡೆಯವರಾ’ ಎಂದು ಕೇಳುವುದಿಲ್ಲ. ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ಒಂದು ಹೊತ್ತಿನ ಊಟದ ಖರ್ಚನ್ನು ಅಂಥವರಿಗೆ ಕೊಡುವುದು ಸುಲಭ.

ಇನ್ನೊಂದು ಕೆಲಸವಿದೆ. ಮನೆಯ ಆಸ್ತಿ ತೆರಿಗೆಯ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. ಗ್ರಂಥಾಲಯ ಉಪಕರದ ಹತ್ತಿರದಲ್ಲೇ ಭಿಕ್ಷುಕರ ಉಪಕರ ಎಂಬುದೊಂದಿದೆ, ಆಸ್ತಿ ತೆರಿಗೆಯ 3%. ಅದೇ 1975ರ ಕಾಯ್ದೆಯ ಅಡಿ ಸಂಗ್ರಹವಾಗುವ ಹಣ ಅದು. ನೀವು ಭಿಕ್ಷೆ ಹಾಕುವವರಿರಲಿ, ಹಾಕದವರಿರಲಿ, ಪ್ರತಿ ವರ್ಷ ನಿಮ್ಮಿಂದ ಅದು ಹೋಗುತ್ತಿದೆ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಉಪಕರವನ್ನು ಸಕಾಲಕ್ಕೆ ವರ್ಗಾಯಿಸದೆ ಬಾಕಿ ಉಳಿಸಿಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಜೊತೆಗೆ, ನಗರದ ನಿರ್ವಸತಿಗರಿಗಾಗಿ ಕೇಂದ್ರ ಸರ್ಕಾರ ರೂಪಿಸಿದ್ದ ಯೋಜನೆಯ ಪ್ರಕಾರ ಪ್ರತಿ 1 ಲಕ್ಷ ಜನಸಂಖ್ಯೆಗೆ 100 ಜನ ತಂಗಬಹುದಾದ ಒಂದು ಆಶ್ರಯ ಕೇಂದ್ರ ಇರಬೇಕಿತ್ತು. ನಿಮ್ಮ ಊರಿನ ನಗರಸಭೆಗೋ ಪಾಲಿಕೆಗೋ ಹೋದಾಗ ಕೇಳಿ. ನಮ್ಮ 3% ಎಲ್ಲಿಗೆ ಹೋಯಿತು? ರಾತ್ರಿ ಆಶ್ರಯ ಕೇಂದ್ರ ಎಲ್ಲಿದೆ? ರಾತ್ರಿ ಹನ್ನೊಂದಕ್ಕೆ, ಕೈಯಲ್ಲಿ ಯಾವ ಕಾಗದವೂ ಇಲ್ಲದೆ, ಬಾಯಲ್ಲಿ ಹೆಂಡದ ವಾಸನೆಯೊಂದಿಗೆ ಬಂದವನಿಗೂ ಅಲ್ಲಿ ಬಾಗಿಲು ತೆರೆಯುತ್ತಾರಾ? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಬರೆದು ಕೇಳಿ.